ಸೈನಿಕರಿಗೆ ಹುರುಪು ತುಂಬಲು ತೆಗೆದ ಯುದ್ಧಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತಾಮಣಿಯಲ್ಲಿ ನಾವು ಐದಾರು ಜನ ಸೇರಿ ತಿಂಗಳಿಗೊಂದು ಹಳೇ ಚಿತ್ರ ತೋರಿಸುತ್ತೇವೆ. ಗೆಳೆಯನ ಗೊಬ್ಬರದ ಅಂಗಡಿ ಮೇಲಿನ ರೂಮು, ಗೋಡೆಗೆ ಕಟ್ಟಿದ ಬಿಳಿ ಪಂಚೆ, ಬಾಡಿಗೆ ಪ್ರೊಜೆಕ್ಟರ್. ಕಳೆದ ವರ್ಷ ಪೂರ್ತಿ ಎರಡನೇ ಮಹಾಯುದ್ಧದ ಪ್ರಚಾರ ಸಾಕ್ಷ್ಯಚಿತ್ರಗಳನ್ನೇ ಹಾಕಿದೆವು. ಬಂದವರು ಅಲ್ಲೇ ಕೇಳಿದ್ದು, ಮಾರನೇ ದಿನ ಸಂತೆಯಲ್ಲಿ ಸಿಕ್ಕಿ ಕೇಳಿದ್ದು, ಇಬ್ಬರು ಮೇಷ್ಟ್ರು ಪತ್ರ ಬರೆದು ಕೇಳಿದ್ದು, ಎಲ್ಲ ಇಲ್ಲಿವೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ. ತೆಲುಗಿನಲ್ಲಿ ಕೇಳಿದ್ದನ್ನು ಮಾತ್ರ ಕನ್ನಡಕ್ಕೆ ತಂದಿದ್ದೇನೆ.

## ಮೊದಲ ಸಲ ಬಂದವರು ಕೇಳುವುದು

ಇದು ಸಿನಿಮಾನಾ, ನ್ಯೂಸಾ? ಟಿಕೆಟ್ ಇಟ್ಟು ತೋರಿಸ್ತಿದ್ರಾ?

ಎರಡರ ನಡುವಿನದು. ಯುದ್ಧದ ತುಣುಕುಗಳು, ಹಳೇ ನ್ಯೂಸ್‌ರೀಲು, ಶತ್ರುಗಳ ಕೈಯಿಂದ ಸಿಕ್ಕ ಫಿಲ್ಮು, ಕೆಲವು ಕಡೆ ಮಾಮೂಲಿ ಸಿನಿಮಾದಿಂದಲೇ ಎತ್ತಿದ ದೃಶ್ಯ. ಇವನ್ನೆಲ್ಲ ಹೊಲಿದು ಮೇಲೊಂದು ಗಟ್ಟಿ ದನಿಯ ನಿರೂಪಣೆ ಹಾಕುತ್ತಿದ್ದರು. ಮಾಡಿಸುತ್ತಿದ್ದದ್ದು ಸರ್ಕಾರ ಅಥವಾ ಸೈನ್ಯ. ನೋಡಬೇಕಾದವರು ಆಗ ತಾನೇ ಸೈನ್ಯಕ್ಕೆ ಸೇರಿದ ಹುಡುಗರು. ಅವರಿಗೆ ಟಿಕೆಟ್ ಇಲ್ಲ, ಬೇಡ ಅನ್ನುವ ಹಕ್ಕೂ ಇಲ್ಲ. ಅಮೆರಿಕದ ಸೈನಿಕರು ಹಡಗು ಹತ್ತುವ ಮೊದಲು ನೋಡಲೇಬೇಕಿತ್ತು. ಕೆಲವು ಚಿತ್ರಗಳನ್ನು ಆಮೇಲೆ ಸಾಮಾನ್ಯ ಥಿಯೇಟರುಗಳಿಗೂ ಬಿಟ್ಟರು.

ಸೈನ್ಯದಲ್ಲಿ ಆರ್ಡರ್ ಕೊಟ್ರೆ ಮುಗೀತಲ್ಲ. ಸಿನಿಮಾ ಯಾಕೆ ಬೇಕಿತ್ತು?

1939ರಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು ಎರಡು ಲಕ್ಷಕ್ಕೂ ಕಡಿಮೆ. 1945ರ ಹೊತ್ತಿಗೆ ಅದು 80 ಲಕ್ಷ ದಾಟಿತ್ತು. ಹೊಸದಾಗಿ ಬಂದವರೆಲ್ಲ ಜೋಳದ ಹೊಲ, ಅಂಗಡಿ, ಆಫೀಸು ಬಿಟ್ಟು ಬಂದವರು. ಪೋಲೆಂಡ್ ಎಲ್ಲಿದೆ ಅಂತ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಯಾರದೋ ಜಗಳಕ್ಕೆ ನಾವ್ಯಾಕೆ ಸಾಯಬೇಕು ಅನ್ನುವ ಪ್ರಶ್ನೆ ಅವರಿಗೆ ಸಹಜ.

ಉತ್ತರ ಹೇಳಲು ಸೈನ್ಯ ಮೊದಲು ಮಾಡಿದ್ದು ಭಾಷಣ. ಅಧಿಕಾರಿ ಕಾಗದ ನೋಡಿ ಓದುತ್ತಿದ್ದ, ಹುಡುಗರು ತೂಕಡಿಸುತ್ತಿದ್ದರು. ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್‌ಗೆ ಇದು ಸಾಕಾಗಿ, ಹಾಲಿವುಡ್‌ನವರನ್ನು ಕರೆಸಿದ.

ಇದನ್ನೆಲ್ಲ ಶುರು ಮಾಡಿದ್ದು ಹಿಟ್ಲರ್ ಅಲ್ವಾ?

ಅಲ್ಲ. ಮೊದಲನೇ ಮಹಾಯುದ್ಧದಲ್ಲಿ, 1916ರಲ್ಲೇ, ಬ್ರಿಟನ್ನಿನವರು ಫ್ರಾನ್ಸಿನ ಸೊಮ್ ಕದನದ ಮೇಲೆ ಉದ್ದನೆಯ ಚಿತ್ರ ತಂದರು. ಜುಲೈ 1ಕ್ಕೆ ಕದನ ಶುರು, ಆಗಸ್ಟ್‌ನಲ್ಲಿ ಚಿತ್ರ ಥಿಯೇಟರಿನಲ್ಲಿ. ಕದನ ಇನ್ನೂ ನಡೆಯುತ್ತಲೇ ಇತ್ತು! ಆರು ವಾರದಲ್ಲಿ ಸುಮಾರು ಎರಡು ಕೋಟಿ ಟಿಕೆಟ್ ಹೋದವು ಅಂತ ಲೆಕ್ಕ.

ಕ್ಯಾಮೆರಾ ಬಿಟ್ಟು ನೋಡಿದರೆ ಇನ್ನೂ ಹಿಂದಕ್ಕೆ ಹೋಗಬಹುದು, ನಮ್ಮೂರ ಕೆರೆ ಏರಿವರೆಗೂ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ವೀರಗಲ್ಲು ನೋಡದವರು ಯಾರು? ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾದಾಟ. ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಆರಾಮಾಗಿ ಕೂತಿದ್ದಾನೆ. ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಒಂದೇ ಶ್ಲೋಕ ಮತ್ತೆ ಮತ್ತೆ ಬರುತ್ತದೆ: ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ. ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ. ಕೆಳಗಿನಿಂದ ಮೇಲಕ್ಕೆ ಮೂರು ಶಾಟ್, ಜೊತೆಗೊಂದು ನಿರೂಪಣೆ. ದಾರಿಯಲ್ಲಿ ಹೋಗುವ ಹುಡುಗನಿಗೆ ಅಷ್ಟು ಸಾಕು. ಗಾಯ ಕೊಳೆಯುವುದನ್ನು, ಮನೆಯಲ್ಲಿ ಉಳಿದವಳನ್ನು ಅದರಲ್ಲಿ ಕೆತ್ತುವುದಿಲ್ಲ, ನೋಡಿ.

ಪ್ರಚಾರ ಅಂದ್ರೆ ಸುಳ್ಳು ಅಂತ ತಾನೇ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ನನಗೆ ಉತ್ತರ ಸಿಕ್ಕಿದ್ದು ಒಂದು ಅನಾಹುತದಿಂದ.

ಎರಡನೇ ಪ್ರದರ್ಶನದ ದಿನ ಚಿತ್ರ ಶುರುವಾಗಿ ಅರ್ಧ ಗಂಟೆಗೆ ಸ್ಪೀಕರ್ ಸುಟ್ಟ ವಾಸನೆ ಬಂತು, ದನಿ ಹೋಯಿತು. ಬಾಡಿಗೆ ಕೊಟ್ಟವನು ಫೋನ್ ಎತ್ತಲಿಲ್ಲ. ಜನ ಎದ್ದು ಹೋಗುತ್ತಾರಲ್ಲ ಅಂತ ಚಿತ್ರವನ್ನು ಸುಮ್ನೆ ಓಡಲು ಬಿಟ್ಟೆವು. ಪರದೆ ಮೇಲೆ ಜರ್ಮನಿ, ಇಟಲಿ, ಜಪಾನಿನ ಮಕ್ಕಳ ಕವಾಯತು. ದನಿ ಇದ್ದಾಗ ಇಂಥದ್ದೇ ದೃಶ್ಯಗಳಿಗೆ ರೂಮು ಗಪ್‌ಚಿಪ್ ಆಗಿತ್ತು. ಈಗ ಹಿಂದಿನ ಸಾಲಿಂದ ಒಬ್ಬ ಹುಡುಗಿ, "ಆಗಸ್ಟ್ 15ಕ್ಕೆ ನಮ್ಮ ಪಿ.ಟಿ. ಮೇಷ್ಟ್ರೂ ಹೀಗೇ ಮಾಡಿಸ್ತಾರೆ" ಅಂದಳು. ಎಲ್ಲರೂ ನಕ್ಕರು.

ಆ ಮಕ್ಕಳು ನಿಜ. ಕವಾಯತೂ ನಿಜ. ಭಯ ಬರುತ್ತಿದ್ದದ್ದು ಹಿನ್ನೆಲೆಯ ಡೋಲಿನಿಂದ, ನಿರೂಪಕನ ದನಿಯಿಂದ, ಮೂರು ದೇಶದ ತುಣುಕುಗಳನ್ನು ಒಂದರ ಬಾಲಕ್ಕೆ ಒಂದು ಅಂಟಿಸಿದ್ದರಿಂದ. ಹಾಗಂತ ಆ ಭಯ ಸುಳ್ಳು ಅಂತಲೂ ಹೇಳಲಾರೆ. ಆ ಜರ್ಮನ್ ಹುಡುಗರು ಆಮೇಲೆ ಏನು ಮಾಡಿದರು ಅಂತ ಲೋಕಕ್ಕೇ ಗೊತ್ತು. ಈ ಚಿತ್ರಗಳಲ್ಲಿ ಶುದ್ಧ ಸುಳ್ಳು ಕಡಿಮೆ. ಜಾಸ್ತಿ ಇರುವುದು ಜೋಡಣೆ, ಮತ್ತು ಬಿಟ್ಟುಬಿಟ್ಟದ್ದು.

## ಆ ಏಳು ಚಿತ್ರಗಳ ಬಗ್ಗೆ

ಎಲ್ರೂ ಕಾಪ್ರಾ ಕಾಪ್ರಾ ಅಂತೀರಲ್ಲ, ಯಾರವರು? ಮಿಲಿಟರಿಯವರಾ?

ಫ್ರಾಂಕ್ ಕಾಪ್ರಾ ಇಟಲಿಯ ಸಿಸಿಲಿಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. ಹಾಲಿವುಡ್‌ನಲ್ಲಿ ನಗಿಸುವ, ಕಣ್ಣಲ್ಲಿ ನೀರು ತರಿಸುವ ಚಿತ್ರ ಮಾಡಿ ಹೆಸರಾಗಿದ್ದ. ಅಮೆರಿಕದ ಮೇಲೆ ಜಪಾನ್ ಮಾಡಿದ ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೇ ಸೈನ್ಯಕ್ಕೆ ಸೇರಿದ, ಮೇಜರ್ ಹುದ್ದೆ ಕೊಟ್ಟರು. ಸಾಕ್ಷ್ಯಚಿತ್ರ ಒಂದನ್ನೂ ಮಾಡಿ ಗೊತ್ತಿಲ್ಲ ಅಂತ ಮಾರ್ಷಲ್‌ಗೆ ಹೇಳಿದನಂತೆ. ನಾನೂ ಹಿಂದೆಂದೂ ಸೇನಾ ಮುಖ್ಯಸ್ಥ ಆಗಿರಲಿಲ್ಲ ಅಂತ ಮಾರ್ಷಲ್ ತಿರುಗಿ ಹೇಳಿದನಂತೆ. ಇದು ಕಾಪ್ರಾನೇ ಆತ್ಮಕಥೆಯಲ್ಲಿ ಬರೆದದ್ದು. ಕಥೆ ಹೇಳುವವರ ಆತ್ಮಕಥೆ, ಸ್ವಲ್ಪ ಉಪ್ಪು ಖಾರ ಇದ್ದೀತು.

ಅವನ ತಂಡ 1942ರಿಂದ 1945ರವರೆಗೆ ಏಳು ಚಿತ್ರ ಮಾಡಿತು. ಸರಣಿಯ ಹೆಸರು 'ವೈ ವಿ ಫೈಟ್', ಅಂದರೆ ನಾವು ಯಾಕೆ ಹೋರಾಡುತ್ತೇವೆ. ಮೊದಲನೆಯದಾದ 'ಪ್ರಿಲ್ಯೂಡ್ ಟು ವಾರ್'ಗೆ 1942ರ ಸಾಕ್ಷ್ಯಚಿತ್ರ ಆಸ್ಕರ್ ಬಂತು. ಆ ವರ್ಷ ಒಟ್ಟು ನಾಲ್ಕು ಚಿತ್ರ ಆ ಬಹುಮಾನ ಹಂಚಿಕೊಂಡವು, ನಾಲ್ಕೂ ಯುದ್ಧದವೇ.

ಏಳೂ ನೋಡೋಕೆ ಟೈಮಿಲ್ಲ. ಒಂದೇ ನೋಡೋದಾದ್ರೆ ಯಾವುದು?

ಏಳೂ ಸೇರಿ ಸುಮಾರು ಏಳು ಗಂಟೆ. ಒಂದೇ ಅಂದರೆ ಮೊದಲನೆಯದು ನೋಡಿ, ಒಂದು ಗಂಟೆಗೂ ಕಡಿಮೆ. ಕಪ್ಪು ಭೂಗೋಳ ಒಂದು, ಬಿಳಿ ಭೂಗೋಳ ಒಂದು ತೋರಿಸಿ, ಲೋಕದಲ್ಲಿ ಎರಡೇ ಪಕ್ಷ ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ. ಚಿತ್ರವಾಗಿ ನನಗೆ ಹಿಡಿಸಿದ್ದು ರಷ್ಯಾ ಕದನದ್ದು. ನಿರ್ದೇಶಕ ಅನಾತೋಲ್ ಲಿತ್ವಾಕ್ ಕೈ ಅದರಲ್ಲಿ ಜಾಸ್ತಿ. ಲೆನಿನ್‌ಗ್ರಾಡ್ ಮುತ್ತಿಗೆಯ ಭಾಗ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಚೀನಾದ್ದು ಬಿಟ್ಟರೂ ನಷ್ಟವಿಲ್ಲ.

ಶತ್ರು ತೆಗೆದ ಫಿಲ್ಮನ್ನೇ ತಿರುಗಿಸಿ ಬಳಸಿದ್ರಂತೆ, ಹೌದಾ?

ಹೌದು. 1934ರ ನ್ಯೂರೆಂಬರ್ಗ್ ಸಮಾವೇಶದ ಮೇಲೆ ಲೆನಿ ರೀಫನ್‌ಶ್ಟಾಲ್ ಹಿಟ್ಲರ್‌ಗಾಗಿ ಮಾಡಿದ ಚಿತ್ರವನ್ನು ಕಾಪ್ರಾ ನೋಡಿ ಬೆಚ್ಚಿಬಿದ್ದ. ಇದಕ್ಕೆ ಸರಿಸಮವಾದದ್ದನ್ನು ಹೊಸದಾಗಿ ತೆಗೆಯಲು ದುಡ್ಡೂ ಇಲ್ಲ, ಸಮಯವೂ ಇಲ್ಲ. ಹಾಗಾಗಿ ಅವರದ್ದೇ ಫಿಲ್ಮನ್ನು ಕತ್ತರಿಸಿ ಬಳಸಲು ನಿರ್ಧರಿಸಿದ. ಅಲ್ಲಿ ಹೆಮ್ಮೆಯಿಂದ ತೋರಿಸಿದ ಸಾಲು ಸಾಲು ಬೂಟುಗಳು ಇಲ್ಲಿ ಹೆದರಿಕೆಗೆ ಬಂದವು. ಒಂದೇ ತುಣುಕು ಎರಡು ಕಡೆಯವರಿಗೂ ದುಡಿಯಿತು.

ಆ ನಕ್ಷೆಗಳು ಯಾಕೆ ಅಷ್ಟು ಚೆನ್ನಾಗಿವೆ? ಆಗ ಕಂಪ್ಯೂಟರ್ ಇರಲಿಲ್ವಲ್ಲ

ಕೈಯಲ್ಲಿ ಬಿಡಿಸಿದ್ದು, ಡಿಸ್ನಿ ಸ್ಟುಡಿಯೋದವರು. ಮಿಕ್ಕಿ ಇಲಿ ಬಿಡಿಸುತ್ತಿದ್ದ ಕಡೆಯೇ ಯುರೋಪಿನ ಮೇಲೆ ಮಸಿ ಹರಿಯುವುದನ್ನೂ ಬಿಡಿಸಿದರು. ಒಂದು ಪ್ರದರ್ಶನದಲ್ಲಿ ಗಮನಿಸಿದೆ: ಶವ ತೋರಿಸಿದಾಗ ಸುಮ್ಮನಿದ್ದ ಜನ, ಕಪ್ಪು ಬಣ್ಣ ಫ್ರಾನ್ಸ್ ದಾಟಿ ಸಮುದ್ರದ ಅಂಚಿಗೆ ಬಂದಾಗ ಲೊಚಗುಟ್ಟಿದರು. ಎಲ್ಲಿದ್ದೀವಿ, ಮುಂದೆ ಯಾರ ಸರದಿ ಅಂತ ನಕ್ಷೆ ಎರಡು ಸೆಕೆಂಡಿನಲ್ಲಿ ಹೇಳಿಬಿಡುತ್ತದೆ.

ಬಿಟ್ಟುಬಿಟ್ಟಿದ್ದಾರೆ ಅಂದ್ರಲ್ಲ, ಏನನ್ನ?

ರಷ್ಯಾ ಚಿತ್ರದಲ್ಲಿ 1939ರ ಆಗಸ್ಟ್‌ನ ಹಿಟ್ಲರ್-ಸ್ಟಾಲಿನ್ ಒಪ್ಪಂದ ಕಾಣುವುದಿಲ್ಲ. ಪೋಲೆಂಡನ್ನು ಇಬ್ಬರೂ ಹಂಚಿಕೊಂಡದ್ದೂ ಇಲ್ಲ. ಆಗ ಸ್ಟಾಲಿನ್ ಗೆಳೆಯ, ಅದಕ್ಕೆ.

1944ರಲ್ಲಿ ಕಪ್ಪು ಸೈನಿಕರ ಮೇಲೆ ಇದೇ ಘಟಕ ಬೇರೆಯೇ ಒಂದು ಚಿತ್ರ ಮಾಡಿತು. ಅವರ ಸಾಹಸ ಎಲ್ಲ ಇದೆ. ಅದೇ ಸೈನ್ಯದಲ್ಲಿ ಕಪ್ಪು ಜನಕ್ಕೆ ಬೇರೆ ತುಕಡಿ ಇತ್ತು ಅನ್ನುವುದನ್ನು ಚಿತ್ರ ಚರ್ಚೆಗೇ ಎತ್ತಿಕೊಳ್ಳುವುದಿಲ್ಲ. ಆ ಪದ್ಧತಿ ನಿಲ್ಲಿಸಲು ಆದೇಶ ಬಂದದ್ದು 1948ರಲ್ಲಿ.

ಬಿಟ್ಟದ್ದಷ್ಟೇ ಅಲ್ಲ, ಸೇರಿಸಿದ್ದೂ ಒಂದಿದೆ. ಜಪಾನ್ ಲೋಕವನ್ನೇ ಗೆಲ್ಲಲು ಹಾಕಿದ ಯೋಜನೆ ಅಂತ 'ತನಾಕಾ ಪತ್ರ'ವನ್ನು ತೋರಿಸುತ್ತಾರೆ. ಅದು ನಕಲಿ ಅಂತ ಇತಿಹಾಸಕಾರರು ಈಗ ಹೇಳುತ್ತಾರೆ.

## ನಮ್ಮ ಕಡೆಯ ಪ್ರಶ್ನೆಗಳು

ನಮ್ಮ ದೇಶದ ಸಿಪಾಯಿಗಳಿಗೂ ಹೀಗೆ ಚಿತ್ರ ಮಾಡಿದ್ರಾ?

ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಅಷ್ಟು ಜನರನ್ನು ಸೇರಿಸಿಕೊಳ್ಳಲು ಸರ್ಕಾರ 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್ ಮಾಡಿತು. ವಿ. ಶಾಂತಾರಾಂ ಕೂಡ ಕೆಲಕಾಲ ಅದರಲ್ಲಿದ್ದರು. 1943ರಲ್ಲಿ ಅದರ ಜಾಗಕ್ಕೆ ಇನ್‌ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ ಬಂತು, ಎಜ್ರಾ ಮೀರ್ ಅದನ್ನು ನಡೆಸಿದರು. ಅದೇ ವರ್ಷ ಭಾರತ ರಕ್ಷಣಾ ನಿಯಮದ ಪ್ರಕಾರ ಪ್ರತಿ ಥಿಯೇಟರೂ ಪ್ರತಿ ಆಟಕ್ಕೆ ಸರ್ಕಾರ ಒಪ್ಪಿದ 2,000 ಅಡಿ ಫಿಲ್ಮ್ ತೋರಿಸಲೇಬೇಕಾಯಿತು. ನಿಮಿಷದ ಲೆಕ್ಕದಲ್ಲಿ 22 ಆಯಿತು.

ಅಮೆರಿಕದ ಚಿತ್ರಗಳಿಗೂ ಇವಕ್ಕೂ ಒಂದು ವ್ಯತ್ಯಾಸ ಇದೆ. ಅಲ್ಲಿ ನಾವು ಯಾಕೆ ಹೋರಾಡುತ್ತೇವೆ ಅಂತ ಕೇಳಿ ಉತ್ತರ ಕೊಡಬಹುದಿತ್ತು. ಇಲ್ಲಿ ಆ ಪ್ರಶ್ನೆ ಎತ್ತುವುದೇ ಕಷ್ಟ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿನ ನಾಯಕರನ್ನು ಒಂದು ಮಾತೂ ಕೇಳದೆ ಭಾರತವೂ ಯುದ್ಧದಲ್ಲಿದೆ ಅಂತ ಘೋಷಿಸಿದ್ದ. ಎಲ್ಲ ಜನಕ್ಕೂ ತಮ್ಮ ಸರ್ಕಾರ ಆರಿಸುವ ಹಕ್ಕಿದೆ ಅಂತ ಅಮೆರಿಕ, ಬ್ರಿಟನ್ ಸೇರಿ ಹೊರಡಿಸಿದ 1941ರ ಅಟ್ಲಾಂಟಿಕ್ ಸನದು ಹೇಳಿದರೆ, ಅದು ಭಾರತಕ್ಕಲ್ಲ ಅಂತ ಚರ್ಚಿಲ್ ಮರುತಿಂಗಳೇ ಸಂಸತ್ತಿನಲ್ಲಿ ಹೇಳಿದ. ಹಾಗಾಗಿ ಇಲ್ಲಿನ ಪ್ರಚಾರ ಸಂಬಳ, ಹೊಟ್ಟೆ ತುಂಬಾ ಊಟ, ಕಲಿಯಬಹುದಾದ ಕಸುಬು, ಮನೆತನದ ಮರ್ಯಾದೆ ಇಂಥವುಗಳ ಸುತ್ತ ತಿರುಗಿತು.

ವಿದುರಾಶ್ವತ್ಥದಲ್ಲಿ ಗುಂಡು ಹೊಡೆದ ಬ್ರಿಟಿಷರ ಪರ ನಮ್ಮವರು ಹೇಗೆ ಹೋದರು?

ಗೌರಿಬಿದನೂರಿನ ಮೇಷ್ಟ್ರ ಪತ್ರ ಇದು. ಮೊದಲು ಒಂದು ತಿದ್ದುಪಡಿ, ಸರ್. 1938ರ ಏಪ್ರಿಲ್ 25ರಂದು ಅಲ್ಲಿ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ನಮ್ಮವರೇ ಹೊಡೆದದ್ದು.

ಹೇಗೆ ಹೋದರು ಅಂದರೆ, ಚಿತ್ರ ನೋಡಿ ಹೋದವರು ಕಡಿಮೆ ಅಂತ ನನ್ನ ಅಂದಾಜು. ನಮ್ಮದು ಮಳೆ ನಂಬಿದ ಸೀಮೆ, ವರ್ಷವಿಡೀ ಹರಿಯುವ ನದಿ ಇಲ್ಲ. ಎರಡು ವರ್ಷ ಕೆರೆ ತುಂಬದಿದ್ದರೆ ಮನೆಯ ಒಬ್ಬ ಹುಡುಗ ಎಲ್ಲಾದರೂ ಹೋಗಲೇಬೇಕು. ಒಬ್ಬ ಚಿನ್ನದ ಗಣಿಗೆ ಇಳಿದ, ಇನ್ನೊಬ್ಬ ಸೈನ್ಯಕ್ಕೆ ಸೇರಿದ. ತಿಂಗಳಿಗೊಂದು ಮನಿಆರ್ಡರ್ ಬರುವ ಮನೆ ಅಂದರೆ ಊರಲ್ಲಿ ಅದಕ್ಕೊಂದು ತೂಕ. ಅಂಚೆಯವನಷ್ಟು ಒಳ್ಳೆಯ ಪ್ರಚಾರ ಯಾವ ಕ್ಯಾಮೆರಾದವನೂ ಮಾಡಿರಲಿಕ್ಕಿಲ್ಲ.

ಟೆಂಟಲ್ಲಿ ಸಿನಿಮಾಗೆ ಮುಂಚೆ ನ್ಯೂಸ್‌ರೀಲು ಬರ್ತಿತ್ತಲ್ಲ, ಅದು ಇದರ ಮರಿನಾ?

ಸರಿಯಾಗಿ ಹೇಳಿದಿರಿ. ಬ್ರಿಟಿಷರ ಬಾಯಿ ಅನ್ನುವ ಸಿಟ್ಟಿಗೆ ಇನ್‌ಫರ್ಮೇಶನ್ ಫಿಲ್ಮ್ಸ್ ಅನ್ನುವ ಆ ಯುದ್ಧಕಾಲದ ಸಂಸ್ಥೆಯನ್ನು 1946ರಲ್ಲಿ ಮುಚ್ಚಿದರು. ಹಾಗಾಗಿ 1947ರ ಆಗಸ್ಟ್ 15ನ್ನು ಚಿತ್ರಿಸಲು ಸರ್ಕಾರದ್ದೇ ಆದ ಘಟಕ ಇರಲಿಲ್ಲ! 1948ರಲ್ಲಿ ಫಿಲ್ಮ್ಸ್ ಡಿವಿಜನ್ ಹುಟ್ಟಿತು. ಥಿಯೇಟರಿನವರು ತೋರಿಸಲೇಬೇಕು ಅನ್ನುವ ಹಳೇ ನಿಯಮವೂ ಜೊತೆಗೇ ಬಂತು, ಬಾಡಿಗೆ ಬೇರೆ ಕಟ್ಟಬೇಕಿತ್ತು. ಶುರುವಿನಲ್ಲಿ ಐದೇ ಭಾಷೆ: ಇಂಗ್ಲಿಷ್, ಹಿಂದಿ, ಬಂಗಾಳಿ, ತಮಿಳು, ತೆಲುಗು. ಕನ್ನಡ ಇಲ್ಲ. ನಮ್ಮ ಚಿಂತಾಮಣಿ ಕಡೆಯವರಿಗೆ ತೆಲುಗಿನಿಂದ ಬಚಾವ್. ಪಾಪ, ತುಮಕೂರಿನವರ ಗತಿ? ನೆಲದ ಟಿಕೆಟಿನವರಿಗೆ ಅದು ಬೀಡಿ ಹಚ್ಚುವ ಹೊತ್ತಾಗಿತ್ತು ಅಂತ ನಮ್ಮ ತಂದೆ ಹೇಳುತ್ತಿದ್ದರು.

## ಸ್ವಲ್ಪ ಆಳಕ್ಕೆ ಹೋದವರು ಕೇಳಿದ್ದು

ಇಷ್ಟೆಲ್ಲ ಮಾಡಿದ್ರಲ್ಲ, ಕೆಲಸ ಆಯ್ತಾ? ಹುಡುಗರು ಬದಲಾದ್ರಾ?

ಅಚ್ಚರಿ ಅಂದರೆ, ಇದನ್ನು ಸೈನ್ಯವೇ ಅಳೆಯಿತು. ಕಾರ್ಲ್ ಹೋವ್‌ಲ್ಯಾಂಡ್ ಅನ್ನುವ ಮನಶ್ಶಾಸ್ತ್ರಜ್ಞನ ತಂಡ ತರಬೇತಿ ಶಿಬಿರಗಳಲ್ಲಿ ಒಂದು ಗುಂಪಿಗೆ ಕಾಪ್ರಾ ಸರಣಿಯ ಬ್ರಿಟನ್ ಕದನದ ಚಿತ್ರ ತೋರಿಸಿತು, ಇನ್ನೊಂದಕ್ಕೆ ತೋರಿಸಲಿಲ್ಲ. ಆಮೇಲೆ ಎರಡೂ ಗುಂಪಿಗೆ ಹೆಸರು ಬರೆಯದ ಪ್ರಶ್ನೆಪತ್ರಿಕೆ. 1949ರಲ್ಲಿ ಪುಸ್ತಕವಾಗಿಯೂ ಬಂತು.

ಮಾಹಿತಿ ಚೆನ್ನಾಗಿ ತಲೆಗೆ ಹೋಗಿತ್ತು. ಜರ್ಮನ್ನರು ಬ್ರಿಟಿಷ್ ವಿಮಾನಗಳನ್ನು ನೆಲದ ಮೇಲೇ ಯಾಕೆ ಸುಡಲಾಗಲಿಲ್ಲ ಅಂತ ಕೇಳಿದರೆ, ಮೈದಾನದ ಅಂಚಿನಲ್ಲಿ ಚದುರಿಸಿ ನಿಲ್ಲಿಸಿದ್ದರು ಅಂತ ಚಿತ್ರ ನೋಡಿದವರು ಪಟಕ್ಕನೆ ಹೇಳಿದರು. ಬ್ರಿಟನ್ನಿನ ಬಗ್ಗೆ ಅಭಿಪ್ರಾಯವೂ ಅಷ್ಟಿಷ್ಟು ಬದಲಾಗಿತ್ತು. ಆದರೆ ಹೋರಾಡುವ ಹುಮ್ಮಸ್ಸು? ಅದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಚಿತ್ರ ಮಾಡಿದ್ದೇ ಅದಕ್ಕಾಗಿ!

ನಮ್ಮಲ್ಲಿಗೆ ಒಬ್ಬ ನಿವೃತ್ತ ಹವಾಲ್ದಾರ್ ತಪ್ಪದೆ ಬರುತ್ತಾರೆ, ಬಾಗಿಲ ಹತ್ತಿರದ ಕುರ್ಚಿ ಅವರದ್ದು. ನಿಮಗೂ ತೋರಿಸ್ತಿದ್ರಾ ಅಂತ ಕೇಳಿದೆ. "ತೋರಿಸ್ತಿದ್ರು. ಕತ್ತಲೆ, ಮೇಲೆ ಫ್ಯಾನು. ಆರು ಕಿಲೋಮೀಟರ್ ಓಡಿ ಬಂದಿರ್ತಿದ್ವಿ. ನಿದ್ದೆ." ಮತ್ತೆ ಗುಂಡಿನ ಮುಂದೆ ಹೇಗೆ ನಿಂತಿರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಕ್ಕದೋನು ನಿಂತಿದ್ನಲ್ಲ" ಅಂದರು. ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ತಂಡ ಅಮೆರಿಕದ ಸೈನಿಕರನ್ನು ಇದನ್ನೇ ಕೇಳಿದಾಗ ಮುಂದೆ ಬಂದ ಉತ್ತರಗಳೂ ಇದರ ಹತ್ತಿರದವೇ: ಬೇಗ ಮುಗಿಸಿ ಮನೆಗೆ ಹೋಗಬೇಕು, ಜೊತೆಯವರನ್ನು ಕೈಬಿಡಬಾರದು.

ಎದುರಾಳಿ ವಾದವನ್ನೂ ಹೇಳಿದ್ರೆ ಜನ ಆ ಕಡೆ ವಾಲಲ್ವಾ?

ಹೋವ್‌ಲ್ಯಾಂಡ್ ಇದನ್ನೂ ನೋಡಿದ. ಜರ್ಮನಿ ಸೋತ ಮೇಲೆ ಜಪಾನ್ ಜೊತೆಗಿನ ಯುದ್ಧ ಇನ್ನೂ ಬಹಳ ಕಾಲ ಎಳೆಯುತ್ತೆ ಅನ್ನುವ ರೇಡಿಯೋ ಮಾತನ್ನು ಎರಡು ಥರ ಮಾಡಿದರು. ಒಂದರಲ್ಲಿ ಬರೀ ತಮ್ಮ ವಾದ, ಇನ್ನೊಂದರಲ್ಲಿ ಎದುರು ವಾದಕ್ಕೂ ಜಾಗ. ಮೊದಲೇ ಒಪ್ಪಿದ್ದವರಿಗೆ ಒಂದೇ ಕಡೆಯದು ಸಾಕಾಯಿತು. ಒಪ್ಪದವರಿಗೆ, ಜಾಸ್ತಿ ಓದಿದವರಿಗೆ, ಎರಡೂ ಕಡೆ ಹೇಳಿದ್ದು ಹೆಚ್ಚು ನಾಟಿತು. ಚುನಾವಣಾ ಭಾಷಣ ಬರೆಯುವವರು ಇದನ್ನು ಓದಿಲ್ಲ ಅಂತ ಕಾಣುತ್ತದೆ.

ಸೈನ್ಯವೇ ಮಾಡಿಸಿ, ಸೈನ್ಯವೇ ಬಚ್ಚಿಟ್ಟ ಚಿತ್ರ ಇದೆಯಂತೆ?

ಎರಡು ಹೇಳುತ್ತೇನೆ. ಜಪಾನಿನ ಕಾಮೆಯಿ ಫುಮಿಯೊ ಚೀನಾದಲ್ಲಿ ತಮ್ಮ ಸೈನ್ಯದ ಹಿಂದೆ ಹೋಗಿ ತೆಗೆದ ಚಿತ್ರ 1939ರಲ್ಲಿ ಸಿದ್ಧವಾಯಿತು. ಹೆಸರು 'ಹೋರಾಡುವ ಸೈನಿಕರು'. ಅದರಲ್ಲೊಂದು ಶಾಟ್: ದಾರಿಯಲ್ಲಿ ಬಿಟ್ಟುಹೋದ ರೋಗದ ಕುದುರೆ. ನಿಂತಿದೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಮೊದಲು ಕಾಲು ಸೋಲುತ್ತದೆ, ನಿಧಾನವಾಗಿ ಕುಸಿಯುತ್ತದೆ. ಅಷ್ಟೇ. ಇದು ಹೋರಾಡುವ ಸೈನಿಕರಲ್ಲ, ದಣಿದ ಸೈನಿಕರು ಅನ್ನುವ ಮಾತು ಬಂತು, ಬಿಡುಗಡೆ ಆಗಲಿಲ್ಲ. 1941ರಲ್ಲಿ ಕಾಮೆಯಿಯನ್ನು ಹಿಡಿದು ಜೈಲಿಗೂ ಹಾಕಿದರು.

ಇನ್ನೊಂದು ಜಾನ್ ಹ್ಯೂಸ್ಟನ್‌ನದು. ಕಾಪ್ರಾ ಸರಣಿಗೆ ದನಿ ಕೊಟ್ಟ ವಾಲ್ಟರ್ ಹ್ಯೂಸ್ಟನ್‌ನ ಮಗ ಇವನು. ಯುದ್ಧದಿಂದ ಮನಸ್ಸು ಕೆಟ್ಟು ಬಂದ ಸೈನಿಕರ ಆಸ್ಪತ್ರೆಯಲ್ಲಿ ಚಿತ್ರ ತೆಗೆದ. ಮಾತು ನಿಂತುಹೋದವರು, ನಡೆಯಲಾಗದವರು, ನಡುಗುವವರು ಎಲ್ಲ ಇದ್ದಾರೆ. 1946ರಲ್ಲಿ ಸಿದ್ಧವಾದದ್ದನ್ನು ಸೈನ್ಯ 1980ರ ಕೊನೆವರೆಗೂ ತಡೆಹಿಡಿಯಿತು.

ದೃಶ್ಯ ನಿಜವಾಗಿ ನಡೆದದ್ದೋ, ಮಾಡಿಸಿದ್ದೋ, ಹೇಗೆ ಕಂಡುಹಿಡಿಯೋದು?

ಕ್ಯಾಮೆರಾ ಎಲ್ಲಿ ನಿಂತಿತ್ತು ಅಂತ ಕೇಳಿಕೊಳ್ಳಿ. ಸೊಮ್ ಚಿತ್ರದಲ್ಲಿ ಸೈನಿಕರು ಕಂದಕ ಹತ್ತುತ್ತಾರೆ, ಒಬ್ಬ ಗುಂಡು ತಗುಲಿ ಜಾರಿ ಬೀಳುತ್ತಾನೆ. ಅಷ್ಟು ಹತ್ತಿರ, ಅಷ್ಟು ಬಯಲಲ್ಲಿ ಕ್ಯಾಮೆರಾದವನು ಬದುಕಿದ್ದು ಹೇಗೆ? ಸೈನಿಕರ ಬೆನ್ನ ಮೇಲೆ ಹೊರೆಯೂ ಇಲ್ಲ. ಅದು ಹಿಂದೆ ತರಬೇತಿ ಜಾಗದಲ್ಲಿ ಮಾಡಿಸಿದ್ದು.

ಹಾಲಿವುಡ್ ನಿರ್ದೇಶಕ ಜಾನ್ ಫೋರ್ಡ್ 1942ರಲ್ಲಿ ಮಿಡ್‌ವೇ ದ್ವೀಪದಲ್ಲಿ ತೆಗೆದದ್ದು ಬೇರೆ. ಬಾಂಬು ಹತ್ತಿರ ಬಿದ್ದಾಗ ಕ್ಯಾಮೆರಾದೊಳಗಿನ ಚಕ್ರದ ಹಲ್ಲು ತಪ್ಪಿ ಫಿಲ್ಮೇ ಜಿಗಿಯುತ್ತದೆ. ಫೋರ್ಡ್‌ಗೂ ಗಾಯ ಆಯಿತು. ಆ ಜಿಗಿತವನ್ನು ಕತ್ತರಿಸದೆ ಹಾಗೇ ಬಿಟ್ಟ.

ಆದರೆ ಅಲುಗಾಟ ನೋಡಿ ನಂಬಲೂ ಬೇಡಿ. ಇಟಲಿಯ ಸಾನ್ ಪಿಯೆತ್ರೊ ಕದನದ ಮೇಲೆ ಹ್ಯೂಸ್ಟನ್ ಮಾಡಿದ ಚಿತ್ರದಲ್ಲಿ ಬಹುಪಾಲು ಹೋರಾಟ ಕದನ ಮುಗಿದ ಮೇಲೆ ಮತ್ತೆ ಮಾಡಿಸಿದ್ದು, ಕ್ಯಾಮೆರಾ ಬೇಕಂತಲೇ ನಡುಗುತ್ತದೆ. ಅದರಲ್ಲಿನ ಶವಗಳು ಮಾತ್ರ ನಿಜ. ಇದು ಯುದ್ಧವಿರೋಧಿ ಅಂತ ಅಧಿಕಾರಿಗಳು ಕೂಗಾಡಿದಾಗ, ಹೊಸ ಹುಡುಗರಿಗೆ ತೋರಿಸಿ, ತರಬೇತಿ ಗಮನ ಕೊಟ್ಟು ಕಲಿಯುತ್ತಾರೆ ಅಂದವನು ಅದೇ ಮಾರ್ಷಲ್.

ಸ್ಕೂಲ್ ಮಕ್ಕಳಿಗೆ ತೋರಿಸಬಹುದಾ?

ಎಂಟನೇ ಕ್ಲಾಸಿನ ಮೇಲೆ, ಆಯ್ದ ಭಾಗ ಮಾತ್ರ. ಜಪಾನೀಯರ ಬಗ್ಗೆ ಬಳಸಿರುವ ಮಾತು ಹೊಲಸಾಗಿದೆ, ಮೊದಲೇ ಹೇಳಿ. ಹತ್ತು ನಿಮಿಷದ ತುಣುಕನ್ನು ಒಂದು ಸಲ ದನಿ ಇಲ್ಲದೆ, ಆಮೇಲೆ ದನಿ ಹಾಕಿ ತೋರಿಸಿ. ಎರಡು ಸಲವೂ ಅನಿಸಿದ್ದನ್ನು ಬರೆಸಿ. ನೀವು ಭಾಷಣ ಮಾಡಬೇಕಾಗಿಲ್ಲ.

ಎಲ್ಲಿ ಸಿಗುತ್ತೆ? ದುಡ್ಡು ಕೊಡಬೇಕಾ?

ಕಾಪ್ರಾ ಸರಣಿ ಅಮೆರಿಕ ಸರ್ಕಾರದ್ದು, ಅದಕ್ಕೆ ಕಾಪಿರೈಟ್ ಇಲ್ಲ. ಹುಡುಕಿದರೆ ಏಳೂ ಪುಕ್ಕಟೆ ಸಿಗುತ್ತವೆ. ಕನ್ನಡ ಸಬ್‌ಟೈಟಲ್ ಮೊದಲನೆಯದಕ್ಕೆ ಮಾತ್ರ ನಾವೇ ಮಾಡಿಕೊಂಡಿದ್ದೇವೆ, ತಪ್ಪುಗಳೂ ಇವೆ. ಬೇಕಾದವರು ಪೆನ್‌ಡ್ರೈವ್ ಹಿಡಿದು ಗೊಬ್ಬರದ ಅಂಗಡಿಗೆ ಬನ್ನಿ. ಸ್ಪೀಕರ್ ಇದ್ದರೆ ಅದನ್ನೂ ತನ್ನಿ, ನಮ್ಮದು ಇನ್ನೂ ರಿಪೇರಿ ಆಗಿಲ್ಲ.